ಕಾಫ್ಕಾವನ್ನು 2.3ರಿಂದ 2.8ಕ್ಕೆ ತಂದ ಏಳು ವಾರ

ನಮ್ಮ ಕಂಪನಿಯ ಲಾರಿಗಳು ರಸ್ತೆಯಲ್ಲಿರುವಾಗ ಹತ್ತು ಸೆಕೆಂಡಿಗೊಮ್ಮೆ ತಾವು ಎಲ್ಲಿದ್ದೇವೆ ಅಂತ ಹೇಳುತ್ತಿರುತ್ತವೆ. ತುಮಕೂರು ದಾಟಿದ್ದು, ಹಿರಿಯೂರಿನ ಹತ್ತಿರ ಊಟಕ್ಕೆ ನಿಂತಿದ್ದು, ಹುಬ್ಬಳ್ಳಿ ಗೋದಾಮಿನ ಗೇಟಿಗೆ ಬಂದಿದ್ದು, ಎಲ್ಲವೂ ಒಂದೊಂದು ಸಣ್ಣ ಸಂದೇಶ. ಅವೆಲ್ಲ ಬಂದು ಸೇರುವುದು ಬೆಂಗಳೂರಿನಲ್ಲಿರುವ ನಮ್ಮ ಕಾಫ್ಕಾ ಕ್ಲಸ್ಟರಿಗೆ. ಕಾಫ್ಕಾ ಅಂದರೆ ಸಂದೇಶಗಳನ್ನು ಬರೆದಿಟ್ಟುಕೊಂಡು ಕೇಳಿದವರಿಗೆ ಕೊಡುವ ಸಾಫ್ಟ್‌ವೇರ್, ಕ್ಲಸ್ಟರ್ ಅಂದರೆ ಅದನ್ನು ಒಟ್ಟಿಗೆ ಓಡಿಸುವ ಮೆಷಿನ್‌ಗಳ ಗುಂಪು. ಬಿಲ್ಲಿಂಗಿನವರು, ಮ್ಯಾಪ್ ತೋರಿಸುವವರು, ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸುವವರು ಅಲ್ಲಿಂದ ತಮಗೆ ಬೇಕಾದ್ದನ್ನು ಓದಿಕೊಳ್ಳುತ್ತಾರೆ. ರಾತ್ರಿ ಎರಡು ಗಂಟೆಗೂ ಲಾರಿ ಓಡುತ್ತಲೇ ಇರುತ್ತದೆ. ಹಾಗಾಗಿ "ಇವತ್ತು ರಾತ್ರಿ ಸಿಸ್ಟಮ್ ಬಂದ್" ಅನ್ನುವ ಮಾತೇ ನಮ್ಮಲ್ಲಿಲ್ಲ.

2022ರ ಜೂನ್‌ನಲ್ಲಿ ಈ ಕ್ಲಸ್ಟರನ್ನು ಅಪ್‌ಗ್ರೇಡ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮಲ್ಲಿದ್ದದ್ದು ಕಾಫ್ಕಾ 2.3. ಅದು ಬಿಡುಗಡೆಯಾಗಿ ಮೂರು ವರ್ಷ ಆಗಿತ್ತು, ಅದಕ್ಕೆ ಹೊಸ ತಿದ್ದುಪಡಿ ಬರುವುದು ನಿಂತೇಹೋಗಿತ್ತು. ಸಂದೇಶ ಇಟ್ಟುಕೊಳ್ಳುವ ಐದು ಸರ್ವರ್, ಅಂದರೆ ಬ್ರೋಕರ್. ಅವುಗಳ ಹಿಂದೆ, ಯಾರು ಎದ್ದಿದ್ದಾರೆ, ಯಾರ ಹತ್ತಿರ ಏನಿದೆ ಅನ್ನುವ ಲೆಕ್ಕಪತ್ರ ನೋಡಿಕೊಳ್ಳುವ ಮೂರು ಝೂಕೀಪರ್. ಒಟ್ಟು ಎಂಟು ಮೆಷಿನ್. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಹಾಗಿಲ್ಲ. ಒಂದು ಬ್ರೋಕರ್ ನಿಲ್ಲಿಸಿ, ಹೊಸದು ಹಾಕಿ, ಮತ್ತೆ ಎಬ್ಬಿಸಿ, ಆಮೇಲೆ ಮುಂದಿನದಕ್ಕೆ ಹೋಗಬೇಕು. ಅಂದರೆ ಕೆಲವು ದಿನ ಹಳೇ ವರ್ಷನ್ನೂ ಹೊಸ ವರ್ಷನ್ನೂ ಒಂದೇ ಮನೆಯಲ್ಲಿ ಬಾಳಬೇಕು.

ನಾನು ಮಲೆನಾಡಿನವಳು. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಾಯಿಸುವುದನ್ನು ಚಿಕ್ಕವಳಿದ್ದಾಗಿಂದ ನೋಡಿದ್ದೇನೆ. ಮಂಗಳೂರು ಹೆಂಚಿನ ಅಂಚಿನಲ್ಲಿ ತೋಡು ಇರುತ್ತದಲ್ವಾ, ಒಂದರ ತೋಡಿನಲ್ಲಿ ಇನ್ನೊಂದರ ಏಣು ಕೂರಬೇಕು. ಬೇರೆ ಅಚ್ಚಿನ ಹೆಂಚು ತಂದರೆ ನೋಡಲು ಹಾಗೇ ಇರುತ್ತದೆ, ಕೂರಿಸಿದರೆ ಕೂರುತ್ತದೆ ಕೂಡ. ಮಳೆ ಬಂದಾಗಲೇ ಗೊತ್ತಾಗುವುದು. ಅಪ್ಪ ಹೊಸ ಹೆಂಚು ತರುವ ಮೊದಲು ಹಳೇದೊಂದನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಹೋಗುತ್ತಿದ್ದರು. ಆ ಏಳು ವಾರ ನನಗೆ ಆ ಚಿತ್ರ ಎಷ್ಟು ಸಲ ನೆನಪಾಯಿತೋ ಲೆಕ್ಕವಿಲ್ಲ.

ಮೊದಲು ಮಾಡಿದ್ದು ಕಾನ್ಫಿಗ್, ಅಂದರೆ ಸೆಟ್ಟಿಂಗ್ ಫೈಲು ಓದುವ ಕೆಲಸ. ಐದೂ ಬ್ರೋಕರಿನ ಫೈಲು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದೆವು. ಆಮೇಲೆ ಎಲ್ಲ ಟಾಪಿಕ್‌ಗಳ ಸೆಟ್ಟಿಂಗ್. ಟಾಪಿಕ್ ಅಂದರೆ ಒಂದೇ ಬಗೆಯ ಸಂದೇಶಗಳು ಸೇರುವ ಜಾಗ. ಅಲ್ಲಿ ಎರಡು ವಿಷಯ ಸಿಕ್ಕವು.

ಒಂದು: ಕಾಫ್ಕಾ ಒಂದೇ ಸಂದೇಶದ ನಕಲುಗಳನ್ನು ಬೇರೆಬೇರೆ ಬ್ರೋಕರಿನಲ್ಲಿ ಇಡುತ್ತದೆ. ಮೂರು ಟಾಪಿಕ್‌ಗಳಲ್ಲಿ ಮೂರು ನಕಲು, ಮಿನಿಮಮ್ ಇನ್‌ಸಿಂಕ್ ರೆಪ್ಲಿಕಾ ಕೂಡ ಮೂರು ಅಂತ ಇತ್ತು. ಯಾರೋ "ಜಾಸ್ತಿ ಇದ್ದಷ್ಟೂ ಭದ್ರ" ಅಂತ ಹಾಕಿರಬೇಕು. ಆದರೆ ಅದರ ಅರ್ಥ, ಮೂರೂ ನಕಲು ಎದ್ದಿದ್ದರೆ ಮಾತ್ರ ಬರೆಯಲು ಬಿಡು ಅಂತ. ಒಂದು ಬ್ರೋಕರ್ ನಿಂತ ಕ್ಷಣವೇ, ಎಲ್ಲರ ಒಪ್ಪಿಗೆ ಕೇಳಿ ಬರೆಯುವ ಪ್ರೋಗ್ರಾಮ್‌ಗಳು "ನಕಲು ಸಾಲದು" ಅಂತ ಎರರ್ ತಿನ್ನುತ್ತವೆ. ಅದನ್ನು ಎರಡಕ್ಕೆ ಇಳಿಸಿದೆವು. ಇನ್ನೊಂದು ಟಾಪಿಕ್‌ಗೆ ಒಂದೇ ನಕಲಿತ್ತು, ಅದನ್ನು ಮೂರಕ್ಕೆ ಏರಿಸಿದೆವು.

ಎರಡನೆಯದು ಅಷ್ಟು ಸುಲಭದ್ದಲ್ಲ. ಲಾರಿ ಎಲ್ಲಿದೆ ಅಂತ ಹೇಳುವ ಟಾಪಿಕ್, ಅಂದರೆ ನಮ್ಮ ಎಲ್ಲಕ್ಕಿಂತ ದೊಡ್ಡ ಟಾಪಿಕ್‌ನಲ್ಲಿ, ಮೆಸೇಜ್ ಫಾರ್ಮ್ಯಾಟ್ ವರ್ಷನ್ 0.10.2 ಅಂತ ಬರೆದಿತ್ತು. ಅದು 2017ರ ವರ್ಷನ್. ಡಿಸ್ಕಿನ ಮೇಲೆ ಸಂದೇಶ ಯಾವ ರೂಪದಲ್ಲಿ ಕೂರಬೇಕು ಅನ್ನುವುದನ್ನು ಅದು ಹೇಳುತ್ತದೆ. ಕಾಫ್ಕಾ 0.11ರಲ್ಲಿ ಈ ರೂಪ ಬದಲಾಯಿತು, ಸಂದೇಶಕ್ಕೆ ಹೆಡರ್, ಅಂದರೆ ಪಕ್ಕಕ್ಕೊಂದು ಹೆಚ್ಚುವರಿ ಮಾಹಿತಿ ಹಾಕುವ ಅವಕಾಶವೂ ಆಗಲೇ ಬಂತು. ನಮ್ಮ ಲಾರಿಗಳ ಸಂದೇಶ ಹೊಸ ರೂಪದಲ್ಲೇ ಬರುತ್ತಿತ್ತು. ಬ್ರೋಕರ್ ಅದನ್ನು ಒಂದೊಂದಾಗಿ ಹಳೇ ರೂಪಕ್ಕೆ ತಿರುಗಿಸಿ ಬರೆದಿಡುತ್ತಿತ್ತು. ಎಷ್ಟು ವರ್ಷದಿಂದ ಹೀಗೆ ನಡೆದಿತ್ತೋ. ಯಾಕೆ ಅಂತ ಕೇಳಿದರೆ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. "ಹಳೇ ಕಾಲದಲ್ಲಿ ಯಾರಿಗೋ ಬೇಕಿತ್ತಂತೆ ಮೇಡಂ" ಅನ್ನುವಲ್ಲಿಗೆ ಮಾತು ನಿಲ್ಲುತ್ತಿತ್ತು.

ನಾವು ನೇರ 3.2ಕ್ಕೆ ಹೋಗದೆ 2.8ಕ್ಕೆ ನಿಂತದ್ದು ಈ ಒಂದು ಸಾಲಿನಿಂದ. ಬ್ರೋಕರುಗಳು ತಮ್ಮತಮ್ಮಲ್ಲಿ 3.0ರ ಮಾತಿಗೆ ಬಂದ ಮೇಲೆ ಕಾಫ್ಕಾ ಈ ಸೆಟ್ಟಿಂಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹೊಸ ರೂಪದಲ್ಲೇ ಬರೆಯುತ್ತದೆ. ಯಾರಿಗೆ ಬೇಕಿತ್ತು ಅಂತ ಗೊತ್ತಾಗುವ ಮೊದಲು ಅದನ್ನು ಕೀಳುವ ಧೈರ್ಯ ನನಗಿರಲಿಲ್ಲ. 2.8ರಲ್ಲಿ ಆ ಸಾಲಿಗೆ ಇನ್ನೂ ಬೆಲೆ ಇತ್ತು.

ಆಮೇಲೆ ಲ್ಯಾಬ್. ಮೂರು ಬ್ರೋಕರ್, ಒಂದೇ ಝೂಕೀಪರ್ ಇರುವ ಸಣ್ಣ ಕ್ಲಸ್ಟರ್ ಕಟ್ಟಿಕೊಂಡೆವು. ನನ್ನ ಜೊತೆಗಿದ್ದವನು ಧಾರವಾಡದ ಹುಡುಗ, ಕೆಲಸಕ್ಕೆ ಸೇರಿ ವರ್ಷ ಕಳೆದಿತ್ತಷ್ಟೆ. ಮೊದಲ ಸಲ ಬೇಕಂತಲೇ ತಪ್ಪು ಮಾಡಿ ನೋಡೋಣ ಅಂದೆ. ಎಲ್ಲರೂ ಹೆದರಿಸುವ ಆ ಒಂದು ಸೆಟ್ಟಿಂಗ್, ಇಂಟರ್ ಬ್ರೋಕರ್ ಪ್ರೋಟೋಕಾಲ್ ವರ್ಷನ್, ಅದನ್ನು ಬರೆಯದೇ ಒಂದು ಬ್ರೋಕರನ್ನು 2.8ಕ್ಕೆ ತಂದೆವು.

ಈ ಸೆಟ್ಟಿಂಗ್ ಬ್ರೋಕರ್ ಬ್ರೋಕರ್ ನಡುವಿನ ಮಾತಿನದು. ಬರೆಯದೇ ಬಿಟ್ಟರೆ ಕಾಫ್ಕಾ ತನ್ನ ವರ್ಷನ್ನಿನ ಹೊಚ್ಚಹೊಸ ಮಾತನ್ನೇ ಆಡುತ್ತದೆ. 2.8ರ ಬ್ರೋಕರ್ ಎದ್ದಿತು, ಪಕ್ಕದವನ ಹತ್ತಿರ ನಕಲು ಕೇಳಲು ಹೋಯಿತು. ಕೇಳಿದ್ದು ಫೆಚ್ ವಿನಂತಿಯ 12ನೇ ರೂಪದಲ್ಲಿ. 2.3ಕ್ಕೆ ಗೊತ್ತಿರುವುದು 11ರವರೆಗೆ. ಹಳೇ ಬ್ರೋಕರ್ ತನಗೆ ಈ ವರ್ಷನ್ ಗೊತ್ತಿಲ್ಲ ಅಂತ ಲಾಗಿನಲ್ಲಿ ಬರೆದು ಸಂಪರ್ಕ ಕಡಿದುಹಾಕಿತು. ಹೊಸದು ಮತ್ತೆ ಕೇಳಿತು, ಮತ್ತೆ ಕಡಿಯಿತು. ಎರಡೂ ಕಡೆಯ ಲಾಗು ಹೊಳೆಯ ಹಾಗೆ ಹರಿಯುತ್ತಿತ್ತು. ಹೊರಗಿನಿಂದ ನೋಡಿದರೆ ಬ್ರೋಕರ್ ಎದ್ದಿದೆ, ಓಡುತ್ತಿದೆ. ಒಳಗೆ ಒಂದು ನಕಲೂ ಮುಂದಕ್ಕೆ ಸರಿಯುತ್ತಿಲ್ಲ.

ಹುಡುಗ ಐದು ನಿಮಿಷ ಸುಮ್ನೆ ಪರದೆ ನೋಡುತ್ತಾ ಕೂತಿದ್ದ. ಆಮೇಲೆ ಬ್ರೋಕರ್ ನಿಲ್ಲಿಸಿ, 2.3ರ ಮಾತೇ ಆಡು ಅಂತ ಆ ಸಾಲು ಬರೆದು, ಮತ್ತೆ ಎಬ್ಬಿಸಿದ. ಅದೇ 2.8ರ ಪ್ರೋಗ್ರಾಮ್, ಬಾಯಲ್ಲಿ ಮಾತ್ರ 2.3ರ ಮಾತು. ಅರ್ಧ ನಿಮಿಷದಲ್ಲಿ ನಕಲುಗಳೆಲ್ಲ ಸಮ ಆದವು. ಪ್ರೋಗ್ರಾಮ್ ಬದಲಾಯಿಸುವುದು ಒಂದು ಸುತ್ತು, ಮಾತು ಬದಲಾಯಿಸುವುದು ಇನ್ನೊಂದು ಸುತ್ತು. ಎರಡನ್ನೂ ಒಟ್ಟಿಗೆ ಮಾಡಬಾರದು ಅಂತ ಓದಿದ್ದು ಬೇರೆ, ಕಣ್ಣಾರೆ ನೋಡಿದ್ದೇ ಬೇರೆ.

ಲ್ಯಾಬಿನಲ್ಲಿ ಝೂಕೀಪರ್ ಕೂಡ ಒಂದು ಪಾಠ ಕಲಿಸಿತು. 3.4ರಿಂದ 3.5ಕ್ಕೆ ತಂದಾಗ ಅದು ಏಳಲೇ ಇಲ್ಲ. ವ್ಯವಹಾರ ಬರೆದಿಟ್ಟ ಲಾಗ್ ಫೈಲು ಇದೆ, ಸ್ನ್ಯಾಪ್‌ಶಾಟ್, ಅಂದರೆ ಒಂದು ಹೊತ್ತಿನ ಪೂರ್ತಿ ಸ್ಥಿತಿಯ ನಕಲು ಇಲ್ಲ, ನಾನು ನಂಬುವುದಿಲ್ಲ ಅಂತ ಹಟ. ಮಾಮೂಲಿಯಾಗಿ ಒಂದು ಲಕ್ಷದಷ್ಟು ವ್ಯವಹಾರ ಆದ ಮೇಲೆ ಅದು ಸ್ನ್ಯಾಪ್‌ಶಾಟ್ ಬರೆಯುತ್ತದೆ. ನಮ್ಮ ಲ್ಯಾಬ್ ನಿನ್ನೆ ಮೊನ್ನೆ ಕಟ್ಟಿದ್ದು, ಅಷ್ಟು ಕೆಲಸ ಅಲ್ಲಿ ಆಗಿರಲೇ ಇಲ್ಲ. ಸ್ನ್ಯಾಪ್‌ಶಾಟ್ ಇಲ್ಲದಿದ್ದರೂ ನಂಬು ಅನ್ನುವ ಸೆಟ್ಟಿಂಗ್ ಒಂದಿದೆ. ಅದನ್ನು ಹಾಕಿ ಎಬ್ಬಿಸಿ, ಆಮೇಲೆ ತೆಗೆದೆವು. ನಿಜವಾದ ಕ್ಲಸ್ಟರಿನಲ್ಲಿ ಸ್ನ್ಯಾಪ್‌ಶಾಟ್ ಇದೆಯಾ ಅಂತ ಮೂರೂ ಮೆಷಿನ್‌ಗೆ ಹೋಗಿ ಫೋಲ್ಡರ್ ತೆರೆದು ನೋಡಿದೆ. ಇತ್ತು.

ಕೆಲಸ ಶುರುವಾದದ್ದು ಜೂನ್ ಕೊನೆಯ ವಾರ, ಝೂಕೀಪರ್‌ನಿಂದಲೇ. 2.3ರ ಕಾಫ್ಕಾ ಒಳಗಿರುವ 3.4ರ ಝೂಕೀಪರ್ ಕ್ಲೈಂಟ್ (ಝೂಕೀಪರ್ ಜೊತೆ ಮಾತಾಡುವ ಭಾಗ), 3.5ರ ಸರ್ವರ್ ಜೊತೆ ಚೆನ್ನಾಗಿ ಮಾತಾಡುತ್ತದೆ. ಹಾಗಾಗಿ ಕೆಳಗಿನದನ್ನು ಮೊದಲು ಗಟ್ಟಿ ಮಾಡಿ ಮೇಲಕ್ಕೆ ಬರುವುದು ಸರಿ ಅನ್ನಿಸಿತು. ಮೂರರಲ್ಲಿ ಎರಡು ಎದ್ದಿದ್ದರೆ ಬಹುಮತ ಇರುತ್ತದೆ. ಫಾಲೋವರ್ ಎರಡನ್ನು ಮೊದಲು, ಲೀಡರನ್ನು ಕೊನೆಗೆ.

ಮೊದಲನೆಯದು ಎದ್ದ ಎರಡೇ ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಝೂಕೀಪರ್ ಸತ್ತಿದೆ ಅಂತ ಮಾನಿಟರಿಂಗ್ ಹೇಳುತ್ತಿದೆ. ಎದೆ ಢವಢವ. ಮೆಷಿನ್‌ಗೆ ಹೋಗಿ ನೋಡಿದರೆ ಅದು ಆರಾಮಾಗಿ ಓಡುತ್ತಿದೆ, ಲೀಡರ್ ಜೊತೆ ಸಮನಾಗಿದೆ. ನಮ್ಮ ಮಾನಿಟರಿಂಗ್ ನಿಮಿಷಕ್ಕೊಮ್ಮೆ ನಾಲ್ಕಕ್ಷರದ (ruok) ಒಂದು ಪ್ರಶ್ನೆ ಕೇಳುತ್ತಿತ್ತು, "ಆರ್ ಯು ಓಕೆ" ಅಂತ. ಝೂಕೀಪರ್ "ಐ ಆಮ್ ಓಕೆ" ಅನ್ನಬೇಕು. 3.5ರಲ್ಲಿ ಇಂಥ ನಾಲ್ಕಕ್ಷರದ ಪ್ರಶ್ನೆಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಬಾಗಿಲು ಹಾಕಿದ್ದಾರೆ, ಯಾವುದು ಬೇಕೋ ಅದನ್ನು ನಾವೇ ಪಟ್ಟಿಯಲ್ಲಿ ಬರೆದು ಬಿಡಿಸಿಕೊಳ್ಳಬೇಕು. ಲ್ಯಾಬಿನಲ್ಲಿ ಇದು ಸಿಗಲಿಲ್ಲ, ಯಾಕೆಂದರೆ ಲ್ಯಾಬಿಗೆ ಮಾನಿಟರಿಂಗೇ ಹಾಕಿರಲಿಲ್ಲ. ಪಟ್ಟಿಯಲ್ಲಿ ಆ ಪ್ರಶ್ನೆ ಸೇರಿಸಿದ ಮೇಲೆ ದೀಪ ಹಸಿರಾಯಿತು. 3.5ರಲ್ಲಿ 8080 ಪೋರ್ಟಿನಲ್ಲಿ ತಾನಾಗೇ ಎದ್ದು ಕೂರುವ ಒಂದು ಅಡ್ಮಿನ್ ಸರ್ವರ್ ಕೂಡ ಇದೆ. ನಮ್ಮ ಆ ಮೆಷಿನ್‌ಗಳಲ್ಲಿ 8080 ಬೇರೆ ಕೆಲಸಕ್ಕೆ ಬೇಕಿತ್ತು. ಅದು ಮೊದಲೇ ಗೊತ್ತಿದ್ದರಿಂದ ಬಂದ್ ಮಾಡಿಯೇ ಎಬ್ಬಿಸಿದ್ದೆವು.

ಇನ್ನು ಬ್ರೋಕರ್. ಮೊದಲು ಐದೂ ಬ್ರೋಕರಿನ ಫೈಲಿಗೆ 2.3ರ ಮಾತು ಅನ್ನುವ ಸಾಲು ಬರೆದೆವು. ದಿನಕ್ಕೊಂದು ಬ್ರೋಕರ್ ಅಂತ ಲೆಕ್ಕ. ಯಾವುದು ಕಂಟ್ರೋಲರ್, ಅಂದರೆ ಉಳಿದವರಿಗೆ ಕೆಲಸ ಹಂಚುವ ಬ್ರೋಕರ್ ಆಗಿದೆಯೋ ಅದು ಕೊನೆಗೆ, ಇಲ್ಲದಿದ್ದರೆ ಆ ಜವಾಬ್ದಾರಿ ಪ್ರತಿ ರೀಸ್ಟಾರ್ಟಿಗೂ ಮನೆ ಮನೆ ತಿರುಗುತ್ತದೆ. ಆಗ ಕಂಟ್ರೋಲರ್ ಇದ್ದದ್ದು 2ರಲ್ಲಿ. ಹಾಗಾಗಿ 1, 3, 4, 5, ಆಮೇಲೆ 2.

ಒಂದು ಬ್ರೋಕರಿನ ಕೆಲಸ ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ರಾತ್ರಿ ಹತ್ತೂವರೆ. ಒಂದೊಂದು ಟಾಪಿಕ್ಕೂ ಪಾರ್ಟಿಷನ್ ಅನ್ನುವ ತುಂಡುಗಳಾಗಿ ಹಂಚಿರುತ್ತದೆ. ನಕಲು ಕಡಿಮೆಯಿರುವ ಪಾರ್ಟಿಷನ್ ಎಷ್ಟು ಅಂತ ನೋಡುತ್ತೇವೆ, ಸೊನ್ನೆ ಇದ್ದರೆ ಮಾತ್ರ ಮುಂದೆ. ನಿಲ್ಲಲು ಹೇಳುತ್ತೇವೆ. ಬ್ರೋಕರ್ ತಕ್ಷಣ ನಿಲ್ಲುವುದಿಲ್ಲ. ತಾನು ಲೀಡರ್ ಆಗಿರುವ, ಅಂದರೆ ಬರೆಯುವುದು ತನ್ನ ಮೂಲಕವೇ ನಡೆಯುವ ಪಾರ್ಟಿಷನ್‌ಗಳನ್ನೆಲ್ಲ ಉಳಿದವರಿಗೆ ಒಪ್ಪಿಸುತ್ತದೆ. ಎಲ್ಲ ಒಪ್ಪಿಸಿ ಆದ ಮೇಲೆ "ಕಂಟ್ರೋಲ್ಡ್ ಶಟ್‌ಡೌನ್ ಸಕ್ಸೀಡೆಡ್" ಅಂತ ಲಾಗಿನಲ್ಲಿ ಬರುತ್ತದೆ. ಆ ಸಾಲು ಕಂಡ ಮೇಲೇ ನಾನು ಉಸಿರು ಬಿಡುತ್ತಿದ್ದದ್ದು. ಆಮೇಲೆ ಹಳೇ ಫೋಲ್ಡರಿಗೆ ತೋರಿಸುತ್ತಿದ್ದ ಲಿಂಕ್ ಕಿತ್ತು ಹೊಸದಕ್ಕೆ ಹಾಕುತ್ತೇವೆ. ಡೇಟಾ ಇರುವ ಡಿಸ್ಕನ್ನು ಮುಟ್ಟುವುದೇ ಇಲ್ಲ. ಎಬ್ಬಿಸುತ್ತೇವೆ. ಪರದೆಯ ಮೇಲೆ ನಕಲು ಕಡಿಮೆಯಿರುವ ಪಾರ್ಟಿಷನ್ ಸಂಖ್ಯೆ 612. ಸ್ವಲ್ಪ ಹೊತ್ತು ಕದಲುವುದಿಲ್ಲ. ಆಮೇಲೆ 590, 430, 118, 9. ಕೊನೆಯ ಮೂರು ನಾಲ್ಕು ಯಾವಾಗಲೂ ಸತಾಯಿಸುತ್ತವೆ. ಸೊನ್ನೆ ಬಂದಾಗ ಹನ್ನೊಂದು ನಿಮಿಷ ಆಗಿತ್ತು.

1 ಮತ್ತು 3 ಹೀಗೇ ಸುಸೂತ್ರವಾಗಿ ಆದವು. ಆ ಹೊತ್ತಿಗೆ ಶುಕ್ರವಾರ. ಸೋಮವಾರ ಮುಂದುವರಿಸೋಣ ಅಂದೆ.

ಶುಕ್ರವಾರ ಮಧ್ಯಾಹ್ನ ಡೀಸೆಲ್ ಲೆಕ್ಕ ಬರೆಯುವ ಪ್ರೋಗ್ರಾಮಿನವರು ಬಂದರು. "ಮೇಡಂ, ನಮ್ಮದು ಒಂದು ಸಲ ಓಡುತ್ತೆ, ಒಂದು ಸಲ ಸಾಯುತ್ತೆ. ನೀವು ಏನೋ ಮಾಡ್ತಿದ್ದೀರಂತಲ್ಲ." ಲಾಗು ನೋಡಿದೆ. ಈ ಪ್ರೊಡ್ಯೂಸರ್‌ಗೆ, ಅಂದರೆ ಸಂದೇಶ ಕಳಿಸುವ ಪ್ರೋಗ್ರಾಮಿಗೆ, ಐಡೆಂಪೊಟೆಂಟ್ ಆಗಿ ಕಳಿಸುವ ಅನುಮತಿ ಇಲ್ಲ ಅಂತ ಎರರ್. ಆದರೆ ಅವರ ಅನುಮತಿಯನ್ನು ನಾವು ಮುಟ್ಟೇ ಇರಲಿಲ್ಲ. ಅದಕ್ಕಿಂತ ದೊಡ್ಡ ಗೊಂದಲ ಎಂದರೆ, ಅನುಮತಿ ಇಲ್ಲ ಅಂದರೆ ಯಾವಾಗಲೂ ಇರಬಾರದು. ಒಂದು ಸಲ ಇದೆ, ಒಂದು ಸಲ ಇಲ್ಲ ಅಂದರೆ ಹೇಗೆ?

ಹುಡುಗ ಒಂದು ಹಾಳೆ ತೆಗೆದುಕೊಂಡ. ಪ್ರೋಗ್ರಾಮ್ ಪ್ರತಿ ಸಲ ಯಾವ ಪಾರ್ಟಿಷನ್‌ಗೆ ಬರೆಯುವಾಗ ಸತ್ತಿದೆ ಅಂತ ಲಾಗಿನಿಂದ ಹುಡುಕಿ ಬರೆದ. ಪಕ್ಕದಲ್ಲಿ ಆ ಪಾರ್ಟಿಷನ್ನಿನ ಲೀಡರ್ ಯಾರು ಅಂತ ಬರೆದ. ಹದಿನಾಲ್ಕು ಸಾಲು ಆದ ಮೇಲೆ ಹಾಳೆ ನನ್ನ ಕಡೆ ತಳ್ಳಿದ. ಸತ್ತ ಕಡೆಯಲ್ಲೆಲ್ಲ ಲೀಡರ್ 2, 4 ಅಥವಾ 5. ಒಂದು ಸಲವೂ 1 ಇಲ್ಲ, 3 ಇಲ್ಲ.

ಆಗ ಬಿಡಿಸಿಕೊಂಡಿತು. ಆ ತಂಡದವರು ಆ ವಾರವೇ ತಮ್ಮ ಪ್ರೋಗ್ರಾಮ್ ಕಾಫ್ಕಾ ಜೊತೆ ಮಾತಾಡಲು ಬಳಸುವ ಕ್ಲೈಂಟ್ ಲೈಬ್ರರಿಯನ್ನು 3.2ಕ್ಕೆ ಏರಿಸಿದ್ದರು. ಆ ಕ್ಲೈಂಟಿನಲ್ಲಿ ಐಡೆಂಪೊಟೆನ್ಸ್, ಅಂದರೆ ಒಂದೇ ಸಂದೇಶ ಎರಡು ಸಲ ಬಂದರೂ ಒಂದೇ ಸಲ ಬರೆಯುವ ವ್ಯವಸ್ಥೆ, ಯಾರೂ ಕೇಳದೆಯೇ ಚಾಲೂ ಆಗಿರುತ್ತದೆ. 2.8ಕ್ಕಿಂತ ಹಳೇ ಬ್ರೋಕರ್ ಅದಕ್ಕೆ ಐಡೆಂಪೊಟೆಂಟ್ ರೈಟ್ ಅಂತ ಬೇರೆಯೇ ಒಂದು ಅನುಮತಿ ಕೇಳುತ್ತದೆ. 2.8ರಿಂದ ಆಚೆಗೆ ಟಾಪಿಕ್‌ಗೆ ಬರೆಯುವ ಅನುಮತಿ ಇದ್ದರೆ ಸಾಕು. ನಮ್ಮ 1 ಮತ್ತು 3 ಹೊಸದು, ಒಳಗೆ ಬಿಟ್ಟವು. ಉಳಿದ ಮೂರು ಹಳೇದು, ಬಾಗಿಲಲ್ಲೇ ತಡೆದವು. ಕೆಲವು ಸಲ ಪ್ರೋಗ್ರಾಮ್ ಒಂದೂ ಸಂದೇಶ ಬರೆಯುವ ಮೊದಲೇ ಸಾಯುತ್ತಿತ್ತು. ಶುರುವಿನಲ್ಲಿ ಅದು ಯಾವುದಾದರೂ ಒಂದು ಬ್ರೋಕರಿನ ಹತ್ತಿರ ತನಗೊಂದು ನಂಬರು ಕೇಳುತ್ತದೆ, ಆಗ ಹಳೇದು ಸಿಕ್ಕಿದರೆ ಅಲ್ಲಿಗೇ ಕತೆ ಮುಗಿಯಿತು.

ಅವರು ಪರೀಕ್ಷೆ ಮಾಡದೇ ಹಾಕಿದವರಲ್ಲ. ಟೆಸ್ಟಿಂಗ್ ಕ್ಲಸ್ಟರಿನಲ್ಲಿ ಎರಡು ದಿನ ಓಡಿಸಿದ್ದರು. ಆ ಟೆಸ್ಟಿಂಗ್ ಕ್ಲಸ್ಟರನ್ನು ನಾವು ಆಗಲೇ 2.8ಕ್ಕೆ ತಂದಿದ್ದೆವು. ಅಲ್ಲಿ ಹಳೇ ಬ್ರೋಕರ್ ಒಂದೂ ಇರಲಿಲ್ಲ, ಹಾಗಾಗಿ ತೊಂದರೆಯೂ ಇರಲಿಲ್ಲ. ಅದನ್ನು ಎಲ್ಲರಿಗೂ ತಿಳಿಸಬೇಕಾದವರು ನಾವು. ಅವರಿಗೆ ಆ ಅನುಮತಿ ಕೊಟ್ಟೆವು, ಪ್ರೋಗ್ರಾಮ್ ನಿಂತು ನೆಲೆಯಾಯಿತು. ಆಮೇಲೆ ಕ್ಲಸ್ಟರ್ ಪೂರ್ತಿ ಮುಗಿಯುವವರೆಗೆ ಯಾರೂ ಕ್ಲೈಂಟ್ ವರ್ಷನ್ ಬದಲಾಯಿಸಬೇಡಿ ಅಂತ ಒಂದೊಂದು ತಂಡಕ್ಕೂ ನಾನೇ ಹೋಗಿ ಹೇಳಿ ಬಂದೆ. ಮೇಲ್ ಹಾಕಿದರೆ ಸಾಲದು ಅನ್ನಿಸಿತ್ತು.

ಸೋಮವಾರ 4ನೇ ಬ್ರೋಕರ್. ಅದು ಎಲ್ಲಕ್ಕಿಂತ ಹೆಚ್ಚು ಲೀಡರ್‌ಗಿರಿ ಹೊತ್ತಿದ್ದ ಮೆಷಿನ್. ನಿಲ್ಲು ಅಂದೆವು, ಒಪ್ಪಿಸುತ್ತಾ ಇತ್ತು. "ಸಕ್ಸೀಡೆಡ್" ಸಾಲು ಬರುವ ಮೊದಲೇ ಲಾಗು ತಟ್ಟನೆ ನಿಂತುಹೋಯಿತು. ಲಿನಕ್ಸಿನಲ್ಲಿ ಸರ್ವೀಸ್‌ಗಳನ್ನು ಎಬ್ಬಿಸುವ, ನಿಲ್ಲಿಸುವ ಸಿಸ್ಟಮ್‌ಡಿ ಮಾಮೂಲಿಯಾಗಿ ನಿಲ್ಲಲು 90 ಸೆಕೆಂಡ್ ಕೊಡುತ್ತದೆ, ಅಷ್ಟರಲ್ಲಿ ಮುಗಿಯದಿದ್ದರೆ ಕತ್ತು ಹಿಸುಕುತ್ತದೆ. ಹಾಗೆ ಅರ್ಧದಲ್ಲಿ ಸತ್ತ ಬ್ರೋಕರ್ ಎದ್ದಾಗ ಸಂದೇಶಗಳಿರುವ ತನ್ನ ಫೈಲುಗಳನ್ನು ಸರಿ ಇದೆಯಾ ಅಂತ ತಡಕಾಡಿ ನೋಡಿಕೊಳ್ಳುತ್ತದೆ. ಐವತ್ತು ನಿಮಿಷ ಹಿಡಿಯಿತು. ಡೇಟಾ ಒಂದೂ ಹೋಗಲಿಲ್ಲ, ಉಳಿದೆರಡು ನಕಲು ಇದ್ದವಲ್ಲ. ಆದರೆ ಆ ಐವತ್ತು ನಿಮಿಷ ಇನ್ನೊಂದು ಮೆಷಿನ್ ಏನಾದರೂ ಕೈ ಕೊಟ್ಟಿದ್ದರೆ ಬರೆಯುವುದೇ ನಿಂತುಬಿಡುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆವು. ಸಿಸ್ಟಮ್‌ಡಿಯ ಆ 90 ಸೆಕೆಂಡನ್ನು ಐದು ನಿಮಿಷಕ್ಕೆ ಏರಿಸಿ, ಆಮೇಲೆ 5ನೇ ಬ್ರೋಕರ್, ಆಮೇಲೆ 2ನೆಯದು. ಎರಡೂ ಸಲೀಸಾಗಿ ಆದವು.

ಐದೂ 2.8 ಆದವು. ಮಾತು ಇನ್ನೂ 2.3ರದೇ. ಆ ಸ್ಥಿತಿಯಲ್ಲಿ ಒಂದು ವಾರ ಪೂರ್ತಿ ಬಿಟ್ಟೆವು. ಮೇಲಿನವರು "ಎಲ್ಲ ಆಯ್ತಲ್ಲ, ಇನ್ನೇನು ಕಾಯೋದು" ಅಂತ ಎರಡು ಸಲ ಕೇಳಿದರು. ಕಾಯಬೇಕಾದದ್ದೇ ಅಲ್ಲಿ. ಆ ವಾರದೊಳಗೆ ಏನಾದರೂ ಕೆಟ್ಟರೆ ಲಿಂಕ್ ಕಿತ್ತು ಹಳೇ ಫೋಲ್ಡರಿಗೆ ಹಾಕಿ ಎಬ್ಬಿಸಿದರೆ ಆಯಿತು, 2.3 ಮತ್ತೆ ಎದ್ದು ನಿಲ್ಲುತ್ತದೆ. ಮಾತು ಬದಲಾಯಿಸಿದ ಮೇಲೆ ಆ ದಾರಿ ಇಲ್ಲ. ತಿಂಗಳ ಕೊನೆಯ ಬಿಲ್ಲಿಂಗ್ ಆ ವಾರದಲ್ಲೇ ಬಂತು, ಅದು ದಾಟಿದ್ದು ನನಗೆ ದೊಡ್ಡ ನೆಮ್ಮದಿ.

ಎರಡನೇ ಸುತ್ತಿನ ರಾತ್ರಿ, ಮೊದಲ ಬ್ರೋಕರಿನ ಫೈಲಿನಲ್ಲಿ 2.3 ಅಳಿಸಿ 2.8 ಬರೆದ ಹುಡುಗ ಸೇವ್ ಒತ್ತದೆ ನನ್ನ ಕಡೆ ತಿರುಗಿದ.

"ಮೇಡಂ, ಇದಾದ ಮ್ಯಾಲೆ ಹೊಳ್ಳಿ ಹೋಗಾಕ ಬರೂದಿಲ್ಲಲ್ರೀ?"

"ಬರಲ್ಲಪ್ಪ. ಅದಕ್ಕೇ ಒಂದು ವಾರ ಕೂತದ್ದು. ಒತ್ತು."

ಒತ್ತಿದ. ಈ ಸುತ್ತು ಬೇಗ ಬೇಗ ಆಯಿತು, ಎರಡೇ ರಾತ್ರಿಯಲ್ಲಿ ಐದೂ ಮುಗಿದವು. ಹೇಳುವಂಥದ್ದು ಏನೂ ನಡೆಯಲಿಲ್ಲ.

ಹೊಸ ಬ್ರೋಕರುಗಳಿಂದ ಸಿಕ್ಕ ಒಂದು ಉಪಕಾರವನ್ನು ಮಾತ್ರ ಹೇಳಲೇಬೇಕು. ಕಾಫ್ಕಾ 2.4ರಿಂದ ಈಚೆಗೆ ಬ್ರೋಕರ್ ತನ್ನ ಹತ್ತಿರ ಬರುವ ಪ್ರತಿ ಕ್ಲೈಂಟಿನ ಹೆಸರು, ವರ್ಷನ್ ಎರಡನ್ನೂ ಎಣಿಸಿಡುತ್ತದೆ. ಹೊಸ ಕ್ಲೈಂಟ್‌ಗಳು ಬರುವಾಗಲೇ ಪರಿಚಯ ಹೇಳಿಕೊಳ್ಳುತ್ತವೆ. ಪರಿಚಯ ಹೇಳಲು ಬಾರದ ಹಳಬರನ್ನು "ಅನ್‌ನೋನ್" ಅಂತ ಬರೆದಿಡುತ್ತದೆ. ಆ ಪಟ್ಟಿ ತೆಗೆದು ನೋಡಿದರೆ ಅನ್‌ನೋನ್ ಇಪ್ಪತ್ತು ಚಿಲ್ಲರೆ. ಒಂದೊಂದೇ ಹಿಡಿದು ಹುಡುಕಿದೆವು. ಹೆಚ್ಚಿನವು 2.0, 2.1ರ ಕ್ಲೈಂಟ್‌ಗಳು, ತೊಂದರೆಯವಲ್ಲ. ಆಯಾ ತಂಡದವರು ಎರಡು ವಾರದಲ್ಲಿ ಏರಿಸಿಕೊಟ್ಟರು. ಕೊನೆಗೆ ಒಂದೇ ಒಂದು ಉಳಿಯಿತು. ಹಗಲು ರಾತ್ರಿ ಲಾರಿ ಎಲ್ಲಿದೆ ಅನ್ನುವ ಟಾಪಿಕನ್ನೇ ಓದುತ್ತಿತ್ತು. ಯಾವ ತಂಡವೂ ತಮ್ಮದು ಅನ್ನಲಿಲ್ಲ. ವಿಳಾಸ ಹಿಡಿದು ಹೋದರೆ ಹುಬ್ಬಳ್ಳಿ ಗೋದಾಮು.

0.10.2 ಅನ್ನುವ ಆ ಸಾಲಿಗೆ ಕೊನೆಗೂ ಒಂದು ವಿಳಾಸ ಸಿಕ್ಕಿತ್ತು.

ತಂಡದಲ್ಲಿ ಚರ್ಚೆ ಆಯಿತು. ಓದುವವನು ಹಳಬನಾದರೂ ಚಿಂತೆಯಿಲ್ಲ, ಟಾಪಿಕನ್ನು ಹೊಸ ರೂಪಕ್ಕೆ ತನ್ನಿ, ಅವನೊಬ್ಬನಿಗೆ ಬ್ರೋಕರೇ ಹಳೇ ರೂಪಕ್ಕೆ ತಿರುಗಿಸಿ ಕೊಡುತ್ತದೆ ಅಂತ ಕೆಲವರು ಹೇಳಿದರು. ಅದು ಸುಳ್ಳಲ್ಲ, ಆಗಿನ ಕಾಫ್ಕಾ ಹಾಗೆ ಕೊಡುತ್ತಿತ್ತು. ಆದರೆ ನಾನು ಒಪ್ಪಲಿಲ್ಲ. ಮಾಮೂಲಿಯಾಗಿ ಬ್ರೋಕರ್ ಡಿಸ್ಕಿನಲ್ಲಿರುವುದನ್ನು ಬಿಚ್ಚಿ ನೋಡದೆ ಹಾಗೇ ನೆಟ್‌ವರ್ಕಿಗೆ ದಾಟಿಸುತ್ತದೆ, ಕಾಫ್ಕಾದ ವೇಗದ ಗುಟ್ಟೇ ಅದು. ತಿರುಗಿಸಿ ಕೊಡಬೇಕಾದರೆ ಪ್ರತಿಯೊಂದನ್ನೂ ಮೆಮೊರಿಗೆ ತಂದು ಬಿಚ್ಚಿ ಕಟ್ಟಬೇಕು. ಅದೂ ನಮ್ಮ ಎಲ್ಲಕ್ಕಿಂತ ದೊಡ್ಡ ಟಾಪಿಕಿನಲ್ಲಿ, ಇಪ್ಪತ್ನಾಲ್ಕು ಗಂಟೆ. ಬರೆಯುವಾಗ ಹೊರುತ್ತಿದ್ದ ಹೊರೆಯನ್ನು ಓದುವ ಕಡೆಗೆ ಸಾಗಿಸಿದ ಹಾಗಾಗುತ್ತಿತ್ತು ಅಷ್ಟೆ. ಇನ್ನೊಂದು, ಅದು ಏನು ಕೆಲಸ ಮಾಡುತ್ತಿದೆ ಅಂತ ನಮಗಿನ್ನೂ ಗೊತ್ತಿರಲಿಲ್ಲ. ನೋಡದೇ ಹೇಗೆ ಬಿಡುವುದು?

ಆಗಸ್ಟ್ ಎರಡನೇ ವಾರ ನಾನೂ ಹುಡುಗನೂ ಬೆಳಗಿನ ರೈಲು ಹತ್ತಿದೆವು. ಹುಬ್ಬಳ್ಳಿಯಲ್ಲಿ ಜಿಟಿಜಿಟಿ ಮಳೆ. ಗೋದಾಮಿನ ಗೇಟಿನ ಪಕ್ಕ ತಗಡಿನ ಶೀಟಿನ ಒಂದು ಕೋಣೆ, ಒಳಗೆ ಮರದ ಮೇಜಿನ ಮೇಲೆ ಒಂದು ಹಳೇ ಕಂಪ್ಯೂಟರ್, ಪಕ್ಕದಲ್ಲಿ ಸೂಜಿಯಲ್ಲಿ ಹೊಡೆಯುವ ಪ್ರಿಂಟರ್. ಲಾರಿ ಗೇಟಿನಿಂದ ಇಷ್ಟು ಹತ್ತಿರ ಬಂದಿದೆ ಅಂತ ಕಾಫ್ಕಾದಿಂದ ಗೊತ್ತಾದ ಕೂಡಲೇ ಇದು ಗೇಟ್ ಪಾಸ್ ಪ್ರಿಂಟ್ ಮಾಡುತ್ತದೆ. ಡ್ರೈವರ್ ಇಳಿಯುವ ಹೊತ್ತಿಗೆ ಚೀಟಿ ಸಿದ್ಧ. ಸಾಲು ನಿಲ್ಲುವುದಿಲ್ಲ.

ಗೇಟಿನಲ್ಲಿದ್ದ ಹಿರಿಯರು ಕುರ್ಚಿ ಒರೆಸಿ ಕೊಟ್ಟರು. ಕಂಪ್ಯೂಟರ್ ಮುಟ್ಟಲು ಹೋದಾಗ ಅವರಿಗೆ ಗಾಬರಿ.

"ಅಕ್ಕಾರ, ಇದನ್ನ ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳಿ ಹೋಗ್ಯಾರ್ರಿ. ಇದು ಬಂದಾದ್ರ ಹೊರಗ ಐವತ್ತು ಗಾಡಿ ನಿಂದರ್ತಾವ."

"ನಿಲ್ಲೋದಿಲ್ಲ ಕಾಕಾ. ಮೊದಲು ಎಲ್ಲಾ ಇನ್ನೊಂದು ಕಡೆ ಇಟ್ಕೋತೀವಿ, ಆಮೇಲೆ ಮುಟ್ಟೋದು" ಅಂದೆ. ಹುಡುಗ ಅವರ ಮಾತಿನಲ್ಲೇ ಇನ್ನೊಂದು ಸಲ ಬಿಡಿಸಿ ಹೇಳಿದ. ಆಗ ಒಪ್ಪಿದರು.

ಪೂರ್ತಿ ಫೋಲ್ಡರ್ ನಮ್ಮ ಡಿಸ್ಕಿಗೆ ನಕಲು ಮಾಡಿಕೊಂಡೆವು. ಒಳಗಿದ್ದದ್ದು ಜಾವಾದಲ್ಲಿ ಬರೆದ ಸಣ್ಣ ಪ್ರೋಗ್ರಾಮ್, 0.10.2ರ ಕ್ಲೈಂಟ್. ಕ್ಲೈಂಟ್ ಮಾತ್ರ ಬದಲಾಯಿಸಿದರೆ ಆಗಲಿಲ್ಲ, ಮೆಷಿನ್‌ನಲ್ಲಿ ಇದ್ದದ್ದು ಜಾವಾ 7. ಕಾಫ್ಕಾ 2.0ರಿಂದಲೇ ಜಾವಾ 7 ಬಿಟ್ಟಿದೆ. ಹಾಗಾಗಿ ಹಳೆಯದನ್ನು ತೆಗೆಯದೆ ಪಕ್ಕದಲ್ಲಿ ಜಾವಾ 8 ಹಾಕಿದೆವು, ಅದರ ಮೇಲೆ 2.8ರ ಕ್ಲೈಂಟ್. ಸಂದೇಶ ತರಿಸಿಕೊಳ್ಳಲು ಆ ಪ್ರೋಗ್ರಾಮ್ ಬಳಸುತ್ತಿದ್ದ ಹಳೇ ಪೋಲ್ ಕರೆ 2.8ರಲ್ಲೂ ಇದೆ, ಪ್ರೋಗ್ರಾಮಿನ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ಮಧ್ಯಾಹ್ನ ಲಾರಿ ಕಡಿಮೆ ಇರುವ ಹೊತ್ತು ನೋಡಿ ಹಳೇದು ನಿಲ್ಲಿಸಿ ಹೊಸದು ಎಬ್ಬಿಸಿದೆವು. ಬೆಂಗಳೂರಿನ ಪಟ್ಟಿಯಲ್ಲಿ ಅನ್‌ನೋನ್ ಅನ್ನುವ ಸಾಲು ಮಾಯವಾಯಿತು. ಎರಡು ಗಂಟೆ ಹಾಗೇ ಓಡಲು ಬಿಟ್ಟು, ಒಂದೊಂದು ಚೀಟಿಯನ್ನೂ ಲಾರಿಯ ನಂಬರಿನ ಜೊತೆ ಹೋಲಿಸಿ ನೋಡಿದೆವು.

ನಾಲ್ಕೂವರೆಗೆ ನಾನು ಲ್ಯಾಪ್‌ಟಾಪ್ ತೆಗೆದು ಟಾಪಿಕಿನ ಮೆಸೇಜ್ ಫಾರ್ಮ್ಯಾಟನ್ನು 0.10.2ರಿಂದ 2.8ಕ್ಕೆ ಬದಲಾಯಿಸಿದೆ. ಇದಕ್ಕೆ ರೀಸ್ಟಾರ್ಟ್ ಬೇಡ, ಒಂದೇ ಕಮಾಂಡ್. ಬ್ರೋಕರುಗಳ ಸಿಪಿಯು ಗೆರೆ ಐದೂ ಕಡೆ ಒಟ್ಟಿಗೆ ಕೆಳಗಿಳಿಯಿತು. ಒಂದೊಂದು ಸಂದೇಶವನ್ನೂ ತಿರುಗಿಸಿ ಬರೆಯುವ ಕೆಲಸ ಇನ್ನಿಲ್ಲವಲ್ಲ. ಆದರೆ ನನ್ನ ಕಣ್ಣು ಇದ್ದದ್ದು ಪ್ರಿಂಟರ್ ಮೇಲೆ. ಹೊರಗೆ ಮಳೆಯಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಗೇಟಿನ ಕಡೆ ತಿರುಗಿತು. ಪ್ರಿಂಟರ್ ಕಿರ್‌ರ್ ಅಂತು, ಕಾಗದ ಮೇಲಕ್ಕೆ ಬಂತು. ಕಾಕಾ ಕನ್ನಡಕ ಏರಿಸಿ ನಂಬರ್ ಓದಿದರು, ಹೊರಗೆ ಬಗ್ಗಿ ಲಾರಿಯ ಹಣೆ ನೋಡಿದರು, ಚೀಟಿ ಹರಿದು ಡ್ರೈವರ್ ಕೈಗೆ ಕೊಟ್ಟರು.